ತಲೆಗೆರಡು ಸೋಲು

ಆಳಂದದ ಒಂದು ದಾಲ್ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಆ ದಿನ ನಾವು ಮೂವರಿದ್ದೆವು. ಮಿಲ್ಲಿನ ಒಡತಿ ಮಹಾದೇವಿ ಅಕ್ಕ, ಹಣೆ ತುಂಬ ವಿಭೂತಿ, ಮಾತಾಡುವಾಗೆಲ್ಲ ಬೆರಳ ನಡುವೆ ನಾಲ್ಕು ತೊಗರಿ ಕಾಳು ಹೊಸಕುತ್ತಿರುವಾಕೆ. ಮಣ್ಣೂರ ತಾಲೀಮಿನ ಉಸ್ತಾದ ಖಾಜಾಸಾಬ, ಎಪ್ಪತ್ತು ದಾಟಿದರೂ ಗೋಡೆಗೆ ಬೆನ್ನು ಕೊಡದೆ ಕೂರುವ ಮನುಷ್ಯ. ತಾಲೀಮು ಅಂದರೆ ನಮ್ಮ ಸೀಮೆಯಲ್ಲಿ ಗರಡಿಮನೆ. ಮೂರನೆಯವ ನಾನು ಗುರಣ್ಣ, ಜೇವರ್ಗಿಯ ಹೈಸ್ಕೂಲೊಂದರ ಪಿ.ಟಿ. ಮಾಸ್ತರ, ಚಿಕ್ಕಂದಿನಲ್ಲಿ ಅದೇ ಉಸ್ತಾದರ ಕೈಯಲ್ಲಿ ಮಣ್ಣು ತಿಂದು ಬೆಳೆದವ. ನಮ್ಮ ನಡುವೆ ನೆಲದ ಮೇಲೆ, ಹೊಲಿಗೆ ಬಿಚ್ಚಿ ಹಾಸಿದ ಒಂದು ಬಿಳಿ ಬೇಳೆ ಚೀಲ.

ಮೊನ್ನೆ ಮನೆಗೆ ಬೇಳೆ ತರಲೆಂದು ಆ ಮಿಲ್ಲಿಗೆ ಹೋಗಿದ್ದೆ. ಹಿಂದಿನ ಕೋಣೆಯ ಬಾಗಿಲು ತೆಗೆದಿತ್ತು. ತೊಗರಿ ಹೊಟ್ಟಿನ ವಾಸನೆ, ಅದರೊಳಗೆ ಬಿಸಿಯಾದ ಬೆಲ್ಟಿನ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಮೂರು ವರ್ಷದ ಹಿಂದಿನ ಆ ಚಳಿಗಾಲ, ಆ ನಾಲ್ಕು ಭಾನುವಾರ, ಒಂದೇ ಉಸಿರಿಗೆ ಎದ್ದು ಬಂದವು. ಅಲ್ಲೇ ಚೀಲದ ಗಂಟಿನ ಮೇಲೆ ಕೂತುಬಿಟ್ಟೆ. ಹಮಾಲರು, "ಮಾಸ್ತರ್ರಿಗೆ ಚಕ್ಕರ ಬಂತೇನ್ರಿ?" ಅಂತ ನೀರು ತಂದುಕೊಟ್ಟರು.

ಅದರ ಹಿಂದಿನ ವರ್ಷದ್ದು ಮೊದಲು ಹೇಳಬೇಕು. ಮೂರು ತಾಲೂಕಿನ ಹುಡುಗಿಯರಿಗೆ ಅಂತ ನಾವೇ ಕೆಲವರು ಸೇರಿ ಅಫಜಲಪುರದಲ್ಲಿ ಒಂದು ದಿನದ ಕುಸ್ತಿ ಇಟ್ಟಿದ್ದೆವು. ಸೋತವಳು ಮನೆಗೆ, ಗೆದ್ದವಳು ಮುಂದಕ್ಕೆ. ಇಜೇರಿಯಿಂದ ಭೀಮಬಾಯಿ ಎಂಬ ಹುಡುಗಿ ತಾಯಿಯೊಡನೆ ಬಂದಿದ್ದಳು. ಸೀಟಿ ಊದಿ ನಲವತ್ತು ಸೆಕೆಂಡಿಗೆ ಅವಳ ಬೆನ್ನು ನೆಲಕ್ಕೆ ಹತ್ತಿತು. ಅವಳ ತಾಯಿ ಶರಣವ್ವ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಏನ್ರೀ ಮಾಸ್ತರ್ರ, ನಾಕಕ್ಕ ಎದ್ದು ರೊಟ್ಟಿ ಬಡದೀನಿ, ಮೂರು ಬಸ್ಸು ಬದಲಿ ಮಾಡೀವಿ. ರೊಟ್ಟಿ ಗಂಟು ಇನ್ನಾ ಬಿಚ್ಚಿಲ್ಲ, ನಿಮ್ಮ ಕುಸ್ತಿ ಮುಗೀತಂತ! ಇಷ್ಟಕ್ಕ ಕರದಿರೇನ್ರಿ?"

ಹುಡುಗಿ ಬೇವಿನ ಮರದ ಕೆಳಗೆ ಕೂತು, ಅಳುವುದಕ್ಕಿಂತ ಹೆಚ್ಚಾಗಿ ಬೆಪ್ಪಾಗಿ ನೋಡುತ್ತಿದ್ದಳು. ತನಗೆ ಏನು ಬರುತ್ತದೆ ಅಂತ ತೋರಿಸುವ ಮೊದಲೇ ಆಟ ಮುಗಿದುಹೋಗಿತ್ತು. ಅವತ್ತು ಸಂಜೆ ಬಸ್ಸಿನಲ್ಲಿ ಬರುತ್ತಾ ತೀರ್ಮಾನ ಮಾಡಿದೆ. ಮುಂದಿನ ವರ್ಷ ಪ್ರತಿ ಹುಡುಗಿಗೂ ಎರಡು ಸೋಲು. ಒಂದು ಸೋತರೆ ಕೆಳಗಿನ ಸಾಲಿಗೆ ಇಳಿಯಬೇಕು. ಅಲ್ಲಿಯೂ ಸೋತರೆ ಮಾತ್ರ ಮನೆಗೆ. ಕೆಳಗಿನ ಸಾಲಿನಲ್ಲೇ ಗೆಲ್ಲುತ್ತಾ ಬಂದವಳು ಕೊನೆಗೆ ಮೇಲಿನವಳ ಎದುರು ನಿಲ್ಲಬಹುದು.

ಅದನ್ನೇ ಆ ದಿನ ದಾಲ್ ಮಿಲ್ಲಿನಲ್ಲಿ ಚೀಲದ ಮೇಲೆ ಬರೆದು ತೋರಿಸಿದೆ. ಉಸ್ತಾದರು ನಕ್ಕರು.

"ಲೇ ಗುರ್ಯಾ, ಕುಸ್ತಿ ಅಂದ್ರ ಒಂದ ಸಲ ಬೆನ್ನ ಹತ್ತೋದು. ಎರಡನೇ ಸಲಕ್ಕ ಬ್ಯಾರೆ ಬೆನ್ನ ತರ್ತಾಳೇನ್ಲೇ?"

ಮಹಾದೇವಿ ಅಕ್ಕ ಕೈಯಲ್ಲಿದ್ದ ಕಾಳು ಎತ್ತಿ ತೋರಿಸಿದಳು. "ಕಾಕಾ, ನಮ್ಮ ಮಿಲ್ಲಿನ್ಯಾಗ ಎಲ್ಲಾ ಕಾಳು ಒಂದ ಸಲಕ್ಕ ಬ್ಯಾಳಿ ಆಗ್ತಾವೇನು? ಒಡೀಲಾರದ್ದು ಮತ್ತೊಮ್ಮೆ ಕಲ್ಲಿಗೆ ಹಾಕ್ತೀವಿ. ಬೀದಿಗೆ ಚೆಲ್ಲಂಗಿಲ್ಲ."

"ಹುಡುಗೇರು ಕಾಳೇನವ್ವಾ?"

"ಕಾಳಿಗೇ ಅಷ್ಟು ದಯಾ ತೋರಸ್ತೀವಿ ಅಂದೆ."

ಉಸ್ತಾದರು ಚೀಲದ ಅಂಚು ನನ್ನ ಕಡೆ ಸರಿಸಿದರು. ನಾನು ಮೇಲಿನ ಸಾಲಿಗೆ ನೀಲಿ ಗೆರೆ ಎಳೆದು, ಕೆಳಗಿನದಕ್ಕೆ ಕೆಂಪು ಪೆನ್ನು ತೆಗೆದೆ. ಅಕ್ಕ ಕೈ ಹಿಡಿದಳು. "ಕೆಂಪು ಯಾಕ್ರಿ? ತಪ್ಪು ಮಾಡ್ಯಾರೇನು? ಹಸರು ಹಚ್ಚರಿ." ಹಾಗೆ ನಮ್ಮ ಸೋತವರ ದಾರಿ ಹಸಿರಾಯಿತು.

ಐವತ್ತು ಕೆ.ಜಿ. ಒಳಗಿನ ಹುಡುಗಿಯರು ಎಂಟು ಜನ. ಮೊದಲ ಭಾನುವಾರ ಆಳಂದ, ಎರಡನೆಯದು ಅಫಜಲಪುರ, ಮೂರನೆಯದು ಜೇವರ್ಗಿ, ಕೊನೆಯದು ಮತ್ತೆ ಅಫಜಲಪುರ. ಯಾವ ಊರಿನವರೂ ಯಾವಾಗಲೂ ದೂರದಿಂದಲೇ ಬರುವಂತಾಗಬಾರದು ಅಂತ. ಒಬ್ಬಳ ಎರಡು ಕುಸ್ತಿಯ ನಡುವೆ ಕಡಿಮೆ ಅಂದರೂ ಒಂದು ತಾಸು ವಿಶ್ರಾಂತಿ. ಗೆದ್ದವಳಿಗೆ ಬೆಳ್ಳಿ ಕಡಗ, ಜೊತೆಗೆ ಜಿಲ್ಲೆಯ ತಂಡಕ್ಕೆ ನಮ್ಮಿಂದ ಅವಳ ಹೆಸರು.

ಚೀಟಿ ಎತ್ತುವ ಹೊತ್ತಿಗೆ ಉಸ್ತಾದರು ಒಂದೇ ಮಾತು ಹೇಳಿದರು. "ನಮ್ಮ ತಾಲೀಮಿನ ಇಬ್ಬರು ಇದ್ದಾರ. ಎದುರಾಬದುರ ಬರಬಾರದು."

ಇಬ್ಬರಲ್ಲಿ ದೊಡ್ಡವಳು ನೀಲಮ್ಮ, ಮಣ್ಣೂರಿನ ರೈತರ ಮಗಳು. ವಯಸ್ಸಿನ ಮಿತಿಯಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಚಿಕ್ಕವಳು ರುಕ್ಸಾನಾ, ಉಸ್ತಾದರ ಸ್ವಂತ ಮೊಮ್ಮಗಳು, ಹದಿನೇಳರ ಹುಡುಗಿ. ನಮ್ಮ ತಾಲೀಮಿನಲ್ಲಿ ಒಂದು ರೂಢಿ ಇತ್ತು. ಒಂದೇ ಮಣ್ಣಿನಲ್ಲಿ ಬೆಳೆದವರು ಪಂದ್ಯದಲ್ಲಿ ಎದುರಾದರೆ ಕುಸ್ತಿ ಹಿಡಿಯಬಾರದು. ಚಿಕ್ಕವರು ದೊಡ್ಡವರ ಪಾದ ಮುಟ್ಟಿ, ತಿರುಗಿ ಹೊರಗೆ ನಡೆಯಬೇಕು. ದೊಡ್ಡವರ ಕೈ ಎತ್ತಿ ಗೆಲುವು ಸಾರುತ್ತಿದ್ದರು.

ನಾನೂ ಹಾಗೆ ನಡೆದವನೇ. ಇಪ್ಪತ್ತೊಂದರ ವಯಸ್ಸಿನಲ್ಲಿ, ಜೀವನದಲ್ಲಿ ಅಷ್ಟು ಚೆನ್ನಾಗಿ ಮೈ ಕೂಡಿದ್ದ ಒಂದೇ ಒಂದು ವರ್ಷದಲ್ಲಿ, ಕೊನೆಯ ಜೋಡಿಗೆ ನಮ್ಮ ತಾಲೀಮಿನ ಅಣ್ಣನೇ ಬಂದ. ಪಾದ ಮುಟ್ಟಿದೆ, ಹೊರಗೆ ಬಂದೆ. ಜನ ಚಪ್ಪಾಳೆ ತಟ್ಟಿದರು, ಉಸ್ತಾದರು ಬೆನ್ನು ಸವರಿದರು. ಹಿಡಿದಿದ್ದರೆ ಏನಾಗುತ್ತಿತ್ತು ಅನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಆದರೂ ಉಸ್ತಾದರ ಮಾತಿಗೆ ಹೂಂ ಅಂದೆ. ನೀಲಮ್ಮನ ಚೀಟಿಯನ್ನು ನೀಲಿ ಸಾಲಿನ ಎಡ ಅರ್ಧಕ್ಕೂ, ರುಕ್ಸಾನಾಳದ್ದನ್ನು ಬಲ ಅರ್ಧಕ್ಕೂ ಹಾಕಿದೆ. ಇನ್ನು ಇವರು ಎದುರಾಗುವುದಿದ್ದರೆ ಕೊನೆಗೇ ಅಂತ ನೆಮ್ಮದಿಯಾಗಿ ಚಹಾ ಕುಡಿದೆ. ನನ್ನ ತಪ್ಪು ಅಲ್ಲಿತ್ತು. ರೂಢಿ ಉಳಿಸುವ ಅವಸರದಲ್ಲಿ ನೀಲಿ ಸಾಲನ್ನಷ್ಟೇ ನೋಡಿದ್ದೆ. ಒಮ್ಮೆ ಹಿಡಿದ ಜೋಡಿಯೇ ಕೆಳಗೆ ಮತ್ತೆ ಬೇಗ ಎದುರಾಗದಿರಲಿ ಅಂತ, ಮೊದಲ ಸುತ್ತಿನಲ್ಲಿ ಸೋತವರು ತಮ್ಮ ಕಡೆಗೇ ಇಳಿದರೂ, ಎರಡನೆಯ ಸುತ್ತಿನಲ್ಲಿ ಎಡಗಡೆ ಸೋತವಳು ಹಸಿರು ಸಾಲಿನ ಬಲಗಡೆಗೆ ಇಳಿಯಬೇಕು, ಬಲಗಡೆಯವಳು ಎಡಗಡೆಗೆ ಅಂತ ನಾನೇ ಬರೆದಿದ್ದೆ. ಮೇಲೆ ಯಾರನ್ನು ದೂರ ಇಟ್ಟಿದ್ದೆನೋ ಅವರನ್ನೇ ಕೆಳಗೆ ಹತ್ತಿರ ತರುವ ಗೆರೆ ಅದು. ತಾಲೀಮಿನ ಮಗನಲ್ಲದ ಯಾರಾದರೂ ಆ ಪಟ್ಟಿ ಬರೆದಿದ್ದರೆ ಎಂಟೂ ಚೀಟಿ ಒಂದೇ ಡಬ್ಬಿಗೆ ಹಾಕಿ ಕುಲುಕುತ್ತಿದ್ದ.

ಆಳಂದದಲ್ಲಿ ರುಕ್ಸಾನಾ ಮೊದಲ ಕುಸ್ತಿಯೇ ಸೋತಳು. ಇಜೇರಿಯ ಭೀಮಬಾಯಿಯೂ ಸೋತಳು. ಶರಣವ್ವ ಈ ಸಲ ಜಗಳಕ್ಕೆ ಬರಲಿಲ್ಲ. ಗೋಡೆಗೆ ತೂಗುಹಾಕಿದ್ದ ಚೀಲದ ಮುಂದೆ ನಿಂತು ಕೇಳಿದಳು. "ನಮ್ಮಕಿ ಈಗ ಎಲ್ಲಿಗಿ ಹೋಗ್ತಾಳ, ತೋರಸ್ರಿ." ಅವಳಿಗೆ ಓದಲು ಬರುತ್ತಿರಲಿಲ್ಲ. ಹಸಿರು ಗೆರೆಯ ಮೇಲೆ ಬೆರಳಿಟ್ಟು ಕೊನೆಯವರೆಗೆ ಎಳೆದುಕೊಂಡು ಹೋದಳು. ಹೊಲದ ಬದು ನೋಡುವವರ ಹಾಗೆ, ಎಲ್ಲಿ ತಿರುಗುತ್ತದೆ, ಎಲ್ಲಿ ಕೂಡುತ್ತದೆ, ಎಲ್ಲಾ ಮನಸ್ಸಿನಲ್ಲಿ ಹಾಕಿಕೊಂಡಳು. "ಅಂದ್ರ ಇನ್ನಾ ಬಾಗಲ ಮುಚ್ಚಿಲ್ಲ," ಅಂದಳು.

ಎರಡನೆಯ ಭಾನುವಾರ ಅಫಜಲಪುರದಲ್ಲಿ ರುಕ್ಸಾನಾ ಹಸಿರು ಸಾಲಿನಲ್ಲಿ ಗೆದ್ದಳು. ಭೀಮಬಾಯಿಯೂ ಗೆದ್ದಳು. ಮೇಲಿನ ಸಾಲಿನಲ್ಲಿ ಆಳಂದದ ಹುಡುಗಿಯ ಎದುರು ನೀಲಮ್ಮ ಸೋತು ಕೆಳಗಿಳಿದಳು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಹಾಸಿಕೊಂಡು ಹೆಸರು ತುಂಬುತ್ತಾ ಬಂದೆ. ಒಂದು ಕಡೆ ಭೀಮಬಾಯಿಯ ಜೋಡಿ. ಇನ್ನೊಂದು ಕಡೆ ಬರೆಯಹೋದ ಪೆನ್ನು ನಿಂತುಬಿಟ್ಟಿತು. ನೀಲಮ್ಮ, ರುಕ್ಸಾನಾ. ಆ ಜೋಡಿಯಲ್ಲಿ ಗೆದ್ದವಳು ಅದೇ ದಿನ ಭೀಮಬಾಯಿಯ ಕಡೆಯ ಗೆದ್ದವಳ ಜೊತೆ ಹಿಡಿಯಬೇಕು.

ವಾರವಿಡೀ ನಿದ್ದೆ ಸರಿ ಬರಲಿಲ್ಲ. ಎರಡು ಗೆರೆ ಅಳಿಸಿ ಎರಡು ಗೆರೆ ಎಳೆದರೆ ಮುಗಿಯುತ್ತಿತ್ತು. ಗುರುವಾರ ಉಸ್ತಾದರ ಫೋನು ಬಂತು.

"ಗುರ್ಯಾ, ನೀಲಮ್ಮಗ ಆಕಡೆ ಹಾಕು, ಇಜೇರಿ ಹುಡುಗಿಗ ಈಕಡೆ ಹಾಕು. ಯಾರು ನೋಡ್ತಾರ?"

"ಶರಣವ್ವ ನೋಡ್ಯಾಳ್ರಿ ಉಸ್ತಾದ್ರ."

"ಯಾವ ಶರಣವ್ವಲೇ?"

"ಓದಾಕ ಬರಲಾರದಕಿ. ಅಕಿಗೆ ಆ ಗೆರಿ ಬಾಯಿಪಾಠ ಅದ. ಬದಲಿ ಮಾಡಾಕ ಆಗಂಗಿಲ್ರಿ."

"ಹಂಗಾರ ರುಕ್ಸಾನಾ ಪಾದಾ ಮುಟ್ಟಿ ಬರ್ತಾಳ. ನೀ ಕೈ ಎತ್ತು," ಅಂದು ಫೋನು ಇಟ್ಟರು.

ಮೂರನೆಯ ಭಾನುವಾರ ಜೇವರ್ಗಿಯಲ್ಲಿ ಚಳಿ ಕೊರೆಯುತ್ತಿತ್ತು. ಸುತ್ತಲಿನ ಹೊಲಗಳಲ್ಲಿ ತೊಗರಿ ಒಕ್ಕುವ ರಾಶಿ ಯಂತ್ರ ಓಡಿ ಓಡಿ ಗಾಳಿಯೆಲ್ಲ ಹಳದಿ ಧೂಳು. ಶಾಲೆಯ ಬಯಲಲ್ಲಿ ಶಾಮಿಯಾನ, ಅದರ ಕೆಳಗೆ ಗಾದಿ. ಇಜೇರಿ ಹತ್ತಿರದ ಊರು, ಮೂರು ಟ್ರ್ಯಾಕ್ಟರ್ ಜನ ಬಂದಿದ್ದರು. ಹತ್ತಕ್ಕೆ ಭೀಮಬಾಯಿಯ ಕುಸ್ತಿ. ಆರು ನಿಮಿಷವೂ ಮೈ ಮುರಿದು ಹಿಡಿದು, ಒಂದೇ ಅಂಕದಿಂದ ಗೆದ್ದು, ತಾಯಿಯ ತೊಡೆಯ ಮೇಲೆ ಬಿದ್ದುಕೊಂಡಳು. ಹತ್ತೂವರೆಗೆ ಮಣ್ಣೂರ ಜೋಡಿ.

ನಾನು ಮೈಕು ಕೈಗೆ ತೆಗೆದುಕೊಳ್ಳುವ ಮೊದಲೇ ಉಸ್ತಾದರು ಮೇಜಿನ ಹತ್ತಿರ ಬಂದರು. "ಹೆಸರು ಕೂಗಬ್ಯಾಡ. ಹುಡುಗಿ ಪಾದಾ ಮುಟ್ಟತಾಳ, ನೀ ಬರ್ಕೊ."

ಶರಣವ್ವನ ಕಿವಿಗೆ ಅದು ಬಿತ್ತು. ಮಗಳ ತಲೆಯನ್ನು ತೊಡೆಯಿಂದ ಇಳಿಸಿ ಎದ್ದು ಬಂದಳು.

"ಅದ್ಹೆಂಗ್ರಿ? ನಮ್ಮಕಿ ಹಾಡಹಗಲ ಎಲ್ಲರ ಮುಂದ ಮೈ ಮುರಕೊಂಡು ಬಂದಾಳ. ಅಕಿ ಪಾದಾ ಮುಟ್ಟಿಸ್ಕೊಂಡು ತಣ್ಣಗ ಬರ್ತಾಳೇನು? ಆಮ್ಯಾಗ ಇಬ್ಬರೂ ಸಮಾ ಅಂತ ನಿಂದ್ರಸ್ತೀರಿ?"

"ತಾಯೀ, ಇದು ನಮ್ಮ ತಾಲೀಮಿನ ಮಾತು."

"ಕಣ ಎಲ್ಲಾರದ್ದರಿ, ಉಸ್ತಾದ್ರ."

ಉಸ್ತಾದರು ಅವಳಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದರು. ಅವರ ದನಿ ಏರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. "ಗುರ್ಯಾ, ರೂಢಿ ಯಾಕ ಮಾಡ್ಯಾರ ಅಂತ ನಿನಗ ಗೊತ್ತದ. ಒಂದ ಮಣ್ಣಿನ್ಯಾಗ ಬೆಳದವರಿಗೆ ಒಬ್ಬರ ಮೈಯಾಗಿನ ನೋವು ಇನ್ನೊಬ್ಬರಿಗೆ ಗೊತ್ತಿರ್ತದ. ನೀಲಮ್ಮನ ಎಡ ಮೊಣಕಾಲು ಉಬ್ಬಿದಾಗ ದಿನಾ ಎಣ್ಣಿ ತಿಕ್ಕಿದಾಕಿ ಯಾರು? ರುಕ್ಸಾನಾ. ಈಗ ಅದ ಕಾಲಿಗೆ ಕೈ ಹಾಕು ಅಂತ ಬಿಡ್ಲೇನು? ತಾಲೀಮು ಅಂದ್ರ ಏನು ಉಳೀತು?"

ಆ ಮಾತು ಸುಳ್ಳಲ್ಲ. ಆದರೆ ಶರಣವ್ವನದೂ ಸುಳ್ಳಲ್ಲ. ನಾನು ಉಸ್ತಾದರ ಮುಂದೆ ಧ್ವನಿ ಎತ್ತಿದವನಲ್ಲ. ಅವರು ನಿಂತರೆ ನಾನು ಇವತ್ತಿಗೂ ಕೂರುವುದಿಲ್ಲ. ನಿಂತುಕೊಂಡೇ ಹೇಳಿದೆ.

"ಉಸ್ತಾದ್ರ, ಪಾದಾ ಮುಟ್ಟೋದು ಬಿಡೋದು ಅಕಿ ಇಚ್ಛಾ. ಹೆಸರು ಕೂಗೋದು ನನ್ನ ಕೆಲಸ. ನಿಯಮ ಬರ್ದೀವಿ, ಮೂರು ಸಲ ಕೂಗಬೇಕು. ಕೂಗ್ತೇನಿ."

"ಕೂಗಿದಿ ಅಂದ್ರ ನಾನು ಇಬ್ಬರಿಗೂ ಕರ್ಕೊಂಡು ಈಗಿಂದೀಗ ಹೋಗ್ತೀನಿ. ಮುಂದ ಮಣ್ಣೂರಿನ ಒಂದು ಹುಡುಗಿನೂ ನಿನ್ನ ಚೀಲದ ಮ್ಯಾಲ ಬರಂಗಿಲ್ಲ."

ಮಹಾದೇವಿ ಅಕ್ಕ ನಡುವೆ ಬಂದು, ಇಬ್ಬರಿಗೂ ಚಹಾ ಕೊಟ್ಟು, ನನ್ನನ್ನು ಬದಿಗೆ ಕರೆದು, ಎಲ್ಲಾ ಮಾಡಿ ನೋಡಿದಳು. ಆ ವಾದದಲ್ಲೇ ಒಂದು ತಾಸಿನ ಮೇಲೆ ಹೋಯಿತು. ಜನ ಶೇಂಗಾ ತಿಂದು ಸಿಪ್ಪೆ ಗಾದಿಯವರೆಗೆ ಹಾರಿಸಿದರು. ಕೊನೆಗೆ ನಾನು ಮೈಕು ತೆಗೆದುಕೊಂಡೆ.

"ಮಣ್ಣೂರ ನೀಲಮ್ಮ, ಮಣ್ಣೂರ ರುಕ್ಸಾನಾ. ಮೊದಲ ಕರೆ."

ಯಾರೂ ಬರಲಿಲ್ಲ. ನೀಲಮ್ಮ ಕಂಬದ ಹತ್ತಿರ ನೆಲ ನೋಡುತ್ತಾ ನಿಂತಿದ್ದಳು. ಎರಡನೆಯ ಕರೆಗೆ ಉಸ್ತಾದರು ಮೊಮ್ಮಗಳ ಭುಜದ ಮೇಲೆ ಕೈಯಿಟ್ಟು ಏನೋ ಹೇಳಿದರು. ರುಕ್ಸಾನಾ ಆ ಕೈಯನ್ನು ಮೆಲ್ಲಗೆ ಇಳಿಸಿದಳು. ಸಣ್ಣ ದನಿಯ ಹುಡುಗಿ, ಆದರೆ ಅವತ್ತು ಶಾಮಿಯಾನದ ಹಿಂದಿನ ಸಾಲಿಗೂ ಕೇಳಿತು.

"ದಾದಾ, ಮಾಸ್ತರು ಎಲ್ಲಾರಿಗೂ ಎರಡೆರಡು ಸೋಲು ಕೊಟ್ಟಾರ. ನಂದು ಒಂದು ಆಳಂದದಾಗ ಹೋತು. ಇನ್ನೊಂದು ನಂದದ. ಪುಕ್ಕಟ ಯಾರಿಗೂ ಕೊಡಂಗಿಲ್ಲ. ನೀಲಕ್ಕಗೂ ಕೊಡಂಗಿಲ್ಲ. ಬೇಕಾದ್ರ ಬಂದು ಕಸ್ಕೊಳ್ಳಲಿ."

"ನನ್ನ ಮಾತು ಮೀರ್ತಿ?"

"ಹೌದ್ರಿ ದಾದಾ."

ಅಷ್ಟೇ. ಒಂದು ಅಳು ಇಲ್ಲ, ಒಂದು ವಿವರಣೆ ಇಲ್ಲ. ಮೂರನೆಯ ಕರೆಗೆ ಅವಳು ಗಾದಿಯ ಮೇಲೆ ನಡೆದಳು. ನೀಲಮ್ಮ ಎದುರಿನಿಂದ ಬಂದಳು. ರುಕ್ಸಾನಾ ಬಾಗಿ ನೀಲಮ್ಮನ ಪಾದ ಮುಟ್ಟಿದಳು. ಬಯಲೆಲ್ಲ ಉಸಿರು ಬಿಟ್ಟಿತು, ಉಸ್ತಾದರ ಭುಜ ಸಡಿಲವಾಯಿತು, ಶರಣವ್ವ ಥೂ ಅಂದಳು. ರುಕ್ಸಾನಾ ಎದ್ದಳು. ತಿರುಗಿ ಹೊರಗೆ ನಡೆಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ತೊಡೆ ತಟ್ಟಿ ಶಡ್ಡು ಹೊಡೆದಳು. ಆ ಸದ್ದು ಶಾಲೆಯ ಗೋಡೆಗೆ ಬಡಿದು ವಾಪಸು ಬಂತು.

ನೀಲಮ್ಮನ ಮುಖ ಒಂದು ಗಳಿಗೆ ಕೆಂಪಾಯಿತು, ಆಮೇಲೆ ಅರಳಿತು. "ಬಾ ಬೇ, ಬಾ," ಅಂದಳು. "ಎಷ್ಟ ದಿನದಿಂದ ಕಾಯಾಕತ್ತೇನಿ."

ಆ ಆರು ನಿಮಿಷವನ್ನು ನಾನು ಪೂರ್ತಿ ಹೇಳಲಾರೆ, ಅರ್ಧ ನನ್ನ ಕಣ್ಣಿಗೆ ಸರಿಯಾಗಿ ಕಾಣಲೇ ಇಲ್ಲ. ರುಕ್ಸಾನಾ ಬಲಗಾಲಿಗೆ ಬೀಳುತ್ತಿದ್ದಳು, ನೀಲಮ್ಮ ಕುತ್ತಿಗೆ ಒತ್ತಿ ಕೆಳಗೆ ಹಾಕುತ್ತಿದ್ದಳು, ಇವಳು ಮೀನಿನ ಹಾಗೆ ಜಾರಿ ಹಿಂದೆ ಬರುತ್ತಿದ್ದಳು. ತಾಲೀಮಿನಲ್ಲಿ ದಿನವೂ ಹಿಡಿದ ಜೋಡಿ ಅದು, ಆದರೂ ಇಬ್ಬರ ಮುಖದಲ್ಲಿ ಮೊದಲ ಸಲ ಭೇಟಿಯಾದವರ ಆಶ್ಚರ್ಯ. ಇಜೇರಿಯವರು ಯಾರ ಕಡೆ ಕೂಗಬೇಕು ತಿಳಿಯದೆ ಇಬ್ಬರ ಹೆಸರೂ ಕೂಗಿದರು. ಕೊನೆಯ ನಿಮಿಷದಲ್ಲಿ ನೀಲಮ್ಮ ಹಿಂದಿನಿಂದ ಸೊಂಟ ಹಿಡಿದು ಎತ್ತಿ ಹಾಕಿದಳು. ಎರಡು ಅಂಕದಿಂದ ರುಕ್ಸಾನಾ ಸೋತಳು. ಎದ್ದು, ಮೂಗಿನ ರಕ್ತ ಒರೆಸಿಕೊಳ್ಳುತ್ತಾ ಸೀದಾ ನನ್ನ ಮೇಜಿಗೆ ಬಂದು ಹಸಿರು ಪೆನ್ನು ಕೇಳಿದಳು. ಚೀಲದ ಮೇಲೆ ತನ್ನ ಹೆಸರಿನ ಮುಂದೆ ತಾನೇ ಗೆರೆ ಮುಗಿಸಿದಳು.

"ಈಗ ಎರಡೂ ಮುಗದ್ವು, ಸರ."

ಉಸ್ತಾದರು ಹೋಗಿರಲಿಲ್ಲ. ಶಾಮಿಯಾನದ ಹಗ್ಗ ಹಿಡಿದು ನಿಂತೇ ಇದ್ದರು.

ಅಷ್ಟರಲ್ಲಿ ಹನ್ನೆರಡಾಗಿತ್ತು. ಪಟ್ಟಿಯ ಪ್ರಕಾರ ಹನ್ನೆರಡಕ್ಕೆ ಮುಂದಿನ ಕುಸ್ತಿ, ನೀಲಮ್ಮ ಮತ್ತು ಭೀಮಬಾಯಿ. ಇಜೇರಿಯ ಜನ ಎದ್ದರು. "ಹನ್ನೆರಡಕ್ಕ ಬರದೀರಿ, ಹನ್ನೆರಡಕ್ಕ ಬಿಡ್ರಿ!" ಭೀಮಬಾಯಿ ಸುಮಾರು ಎರಡು ತಾಸು ಕೂತು ದಣಿವಾರಿಸಿಕೊಂಡಿದ್ದಳು. ನೀಲಮ್ಮ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಳು. ಮುಂಜಾನೆ ನನ್ನ ಪರ ನಿಂತಿದ್ದ ಶರಣವ್ವ ಈಗ ಎದುರು ನಿಂತಳು.

"ಮಾಸ್ತರ್ರ, ತಡಾ ಮಾಡಿದವರು ಅವರು. ನಮ್ಮ ಹುಡುಗಿ ಮೈ ತಣ್ಣಗಾಗ್ಲತ್ತದ. ಬಿಡ್ರಿ ಕುಸ್ತಿ."

"ಶರಣವ್ವ, ಮುಂಜಾನಿ ನೀವು ಕೇಳಿದ್ದು ನ್ಯಾಯ ಇತ್ತು. ಈಗ ಅದ ನ್ಯಾಯ ಈ ಹುಡುಗಿದು. ಕುಸ್ತಿ ಮುಗದಾಗಿಂದ ಒಂದು ತಾಸು. ಬರದ ವ್ಯಾಳ್ಯಾದಿಂದ ಅಲ್ಲ."

"ಆವಾಗ ನಮ್ಮವರಾಗಿದ್ರಿ, ಈಗ ಮಣ್ಣೂರಿನವರಾದ್ರೇನ್ರಿ?"

"ನಾ ಯಾರವನೂ ಅಲ್ರೀ. ನಾ ಚೀಲದವ."

ನಾಲ್ಕಾರು ಹುಡುಗರು ಹೋಗಿ ಗಾದಿಯ ನಡುವೆ ಕೂತುಬಿಟ್ಟರು, ಕುಸ್ತಿ ಬಿಡುವವರೆಗೆ ಏಳುವುದಿಲ್ಲ ಅಂತ. ನನಗೆ ಅವತ್ತು ಏನಾಗಿತ್ತೋ, ನಾನೂ ಹೋಗಿ ಅವರ ನಡುವೆ ಪದ್ಮಾಸನ ಹಾಕಿ ಕೂತೆ. ಕೈಗಡಿಯಾರ ಬಿಚ್ಚಿ ಮುಂದಿಟ್ಟೆ. "ನನಗೂ ಕೂಡ್ರಾಕ ಬರ್ತದಲೇ. ಎಲ್ಲಾರೂ ಕೂಡಿ ನೋಡೋಣು, ಮುಳ್ಳು ಓಡತದೋ ಇಲ್ಲೋ." ಒಬ್ಬ ನಕ್ಕ, ಇನ್ನೊಬ್ಬ ಶೇಂಗಾ ಕೊಟ್ಟ. ಮುಕ್ಕಾಲು ತಾಸಿಗೆ ಕಾಲು ಜೋಮು ಹಿಡಿದು ಅವರೇ ಎದ್ದು ಹೋದರು. ನಾನು ಕೂತೇ ಇದ್ದೆ. ಒಂದು ಅಂದರೆ ಒಂದಕ್ಕೆ ಎದ್ದು ಹೆಸರು ಕೂಗಿದೆ.

ಭೀಮಬಾಯಿ ಗೆದ್ದಳು. ಒಂದೇ ಅಂಕ. ಹಿಂದಿನ ವರ್ಷ ನಲವತ್ತು ಸೆಕೆಂಡಿನಲ್ಲಿ ಮನೆಗೆ ಹೋದ ಹುಡುಗಿಯನ್ನು ಟ್ರ್ಯಾಕ್ಟರಿನ ಮೇಲೆ ಎತ್ತಿ ಕೂರಿಸಿದರು. ನೀಲಮ್ಮನ ಕೊನೆಯ ವರ್ಷ ಅಲ್ಲಿಗೆ ಮುಗಿಯಿತು. ಒಂದೇ ಮಧ್ಯಾಹ್ನ ಮಣ್ಣೂರ ತಾಲೀಮಿನ ಇಬ್ಬರೂ ಹೊರಗೆ.

ನಾನು ನೀಲಮ್ಮನ ಹತ್ತಿರ ಹೋದೆ. ಅವಳು ಗೋಡೆಗೆ ಒರಗಿ, ಪಕ್ಕದಲ್ಲಿದ್ದ ರುಕ್ಸಾನಾಳ ತಲೆಗೆ ಮೊಟಕುತ್ತಿದ್ದಳು.

"ಸರ್ರ, ಇಕಿ ಕಾಲಾಗ ಎಷ್ಟು ಬಲ ಅದ ಅಂತ ಇವತ್ತ ಗೊತ್ತಾತು ನೋಡ್ರಿ. ತಾಲೀಮಿನ್ಯಾಗ ಇಷ್ಟ ದಿನ ನನ್ನ ಮುಂದ ಮುಚ್ಚಿಟ್ಟಿದ್ಲು ಕಳ್ಳಿ. ಆದ್ರೂ ನೋಡ್ರಿ, ಎಡಗಾಲಿಗೆ ಒಂದ ಸಲನೂ ಕೈ ಹಾಕಿಲ್ಲ. ಯಾಕ ಬೇ? ನಾ ನಿನಗ ದಯಾ ಕೇಳಿದ್ನೇನು?"

ರುಕ್ಸಾನಾ ಮೂಗಿಗೆ ಹತ್ತಿ ತುರುಕಿಕೊಂಡು ಕೂತಿದ್ದಳು. ನಾನು ತಲೆ ಎತ್ತಿದಾಗ ಉಸ್ತಾದರು ಹಿಂದೆಯೇ ನಿಂತಿದ್ದರು. ಕೇಳಿಸಿಕೊಂಡಿದ್ದರು. ಅವರು ಮೊಮ್ಮಗಳನ್ನು ಮಾತಾಡಿಸಲಿಲ್ಲ. ನನಗೆ ಮಾತ್ರ, "ನಿನ್ನ ಚೀಲ ನನ್ನ ತಾಲೀಮು ನುಂಗ್ತು, ಗುರ್ಯಾ," ಅಂದರು.

"ಹೌದ್ರಿ ಉಸ್ತಾದ್ರ," ಅಂದೆ. "ಆದ್ರ ಗೆರಿ ಸರಿ ಇತ್ರಿ."

ಕೊನೆಯ ಭಾನುವಾರ ಅಫಜಲಪುರದಲ್ಲಿ ಮಣ್ಣೂರಿನಿಂದ ಯಾರೂ ಬರಲಿಲ್ಲ. ಭೀಮಬಾಯಿ ಅಲ್ಲಿ ತನ್ನ ಎರಡನೆಯ ಸೋಲು ಸೋತಳು. ಕಡಗ ಆಳಂದಕ್ಕೆ ಹೋಯಿತು. ಶರಣವ್ವ ರೊಟ್ಟಿ ಗಂಟು ಬಿಚ್ಚಿ ನನಗೂ ಎರಡು ಕೊಟ್ಟಳು, ಜೊತೆಗೆ, "ಭಾಳ ಹಟಮಾರಿ ಮನಷಾ ಅದೀರಿ," ಅಂತ ಬೈದಳು.

ಆಮೇಲೆ ಬಹಳ ಜನ ಬಹಳ ಹೇಳಿದರು. ಗುರುದ್ರೋಹಿ ಅಂದವರಿದ್ದಾರೆ. ಗುರುವಿನ ಮುಂದೆ ಮೈಕು ಹಿಡಿದ ಕೈಗೆ ಹುಳ ಬೀಳುತ್ತದೆ ಅಂದವರೂ ಇದ್ದಾರೆ. ಕೈ ಚೆನ್ನಾಗಿದೆ. ನೀಲಮ್ಮನ ಅವಕಾಶ ಹಾಳು ಮಾಡಿದೆ ಅನ್ನುವ ಮಾತು ಮಾತ್ರ ನನಗೆ ತಾಗುತ್ತದೆ, ಅದನ್ನು ಇಲ್ಲ ಅನ್ನಲಾರೆ. ಆದರೆ ಆ ಗೆಲುವನ್ನು ಪುಕ್ಕಟೆ ಕೊಟ್ಟಿದ್ದರೆ ಅದರ ಭಾರ ಭೀಮಬಾಯಿಯ ದಣಿದ ಮೈಮೇಲೆ ಬೀಳುತ್ತಿತ್ತು, ಅಷ್ಟೇ ಅಲ್ಲ, ರುಕ್ಸಾನಾ ನನ್ನ ಹಾಗೆ ಐವತ್ತು ದಾಟಿದ ಮೇಲೂ ಬಸ್ಸಿನ ಕಿಟಕಿಯಲ್ಲಿ ಕೂತು, ಹಿಡಿದಿದ್ದರೆ ಏನಾಗುತ್ತಿತ್ತು ಅಂತ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಹೊಸ ಪಟ್ಟಿಯಲ್ಲಿ ಎಲ್ಲ ಚೀಟಿಯೂ ಒಂದೇ ಡಬ್ಬಿಗೆ ಹೋಗುತ್ತವೆ, ಯಾವ ತಾಲೀಮಿನದಾದರೂ ಸರಿ. ಆ ಹಳೆಯ ಚೀಲದ ಒಂದು ಗೆರೆಯನ್ನೂ ಇವತ್ತಿಗೂ ನಾನು ತಿದ್ದುವುದಿಲ್ಲ. ಯಾರು ಬಂದು ಕೇಳಿದರೂ ತಿದ್ದುವುದಿಲ್ಲ.

ಆ ಚಳಿಗಾಲದ ಮುಂದಿನ ಬೇಸಿಗೆಯಲ್ಲಿ ಖಜೂರಿಯಲ್ಲಿ ಕುಸ್ತಿ ಇತ್ತು. ಹಳೆಯ ಪದ್ಧತಿಯದು, ಹಿರಿಯರು ಮೈ ನೋಡಿ ಜೋಡಿ ಹಚ್ಚುವುದು. ವಯಸ್ಸಿನ ಮಿತಿ ಇರಲಿಲ್ಲ. ಮಹಾದೇವಿ ಅಕ್ಕ ಹೋಗಿದ್ದಳು, ಅವಳೇ ನನಗೆ ಹೇಳಿದ್ದು. ಮೈ ಸರಿದೂಗುತ್ತದೆ ಅಂತ ಹಿರಿಯರು ನೀಲಮ್ಮ ಮತ್ತು ರುಕ್ಸಾನಾಳನ್ನು ಎದುರು ನಿಲ್ಲಿಸಿದರು. ಆಮೇಲೆ ಇಬ್ಬರೂ ಒಂದೇ ತಾಲೀಮಿನವರು ಅಂತ ಯಾರೋ ಅಂದದ್ದಕ್ಕೆ ಬೇರೆ ಮಾಡಹೊರಟರು. ಉಸ್ತಾದರು ಅಲ್ಲೇ ಕೂತಿದ್ದರು. "ಇರಲಿ, ಹಿಡೀಲಿ," ಅಂದರು. ಇಬ್ಬರೂ ಹಿಡಿದರು. ನಾಲ್ಕನೆಯ ನಿಮಿಷಕ್ಕೆ ರುಕ್ಸಾನಾ ನೀಲಮ್ಮನ ಎಡಗಾಲು ಹಿಡಿದು ಬೆನ್ನು ನೆಲಕ್ಕೆ ಹಚ್ಚಿದಳು.